ಹಿಡಿ

ಕಾರಿನ ಕೆಳಗಿನಿಂದ ಗಂಡನ ದನಿಯೊಂದೇ ಬರುತ್ತಿತ್ತು. 'ಎಳಿ' ಎಂದರೆ ದಾಕ್ಷಾಯಣಮ್ಮ ಬಲಮಗ್ಗುಲಿನ ಕಬ್ಬಿಣದ ಹಿಡಿಯನ್ನು ತನ್ನ ಕಡೆಗೆ ಎಳೆಯಬೇಕು. 'ಬಿಡು' ಎಂದರೆ ಹಿಡಿಯ ನೆತ್ತಿಯ ಗುಂಡಿಯನ್ನು ಒತ್ತಿ ಅದನ್ನು ಮುಂದಕ್ಕೆ ಬಿಡಬೇಕು. ಅಷ್ಟೇ ಕೆಲಸ. ಮಗುವೂ ಮಾಡಬಹುದಾದ ಕೆಲಸ ಎಂದು ಹೇಳಿಯೇ ತೀರ್ಥಪ್ಪ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ಡ್ರೈವರ್ ಸೀಟಿನಲ್ಲಿ ಕೂರಿಸಿದ್ದ. ಮಗು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಸುಮ್ಮನೆ ಬರುತ್ತಿರಲಿಲ್ಲ. ಅವನು ಬೇಕೆಂದೇ ಅಂದನೋ, ಬಾಯಿಗೆ ಬಂತೆಂದು ಅಂದನೋ ತಿಳಿಯದೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಬಂದಿದ್ದಳು. ಈಗ, ಪ್ರತಿ ಸಲ ಕಾಲಡಿಯ ಹಲಗೆಗಳ ಸಂದಿನಿಂದ ಆ ದನಿ ಎದ್ದಾಗಲೂ ಅವಳು ಹಿಡಿಯ ಕಡೆ ಕೈ ಚಾಚಿ ತಡೆಯುತ್ತಿದ್ದಳು. ಎಳಿ ಎಂದನೋ, ಬಿಡು ಎಂದನೋ? ಎರಡೂ ಒಂದೇ ಹಾಗೆ ಕೇಳುತ್ತಿದ್ದವು. ಅವನ ಎಲ್ಲ ಮಾತುಗಳೂ ಅವಳಿಗೆ ಹಾಗೆಯೇ, ಮೊದಲು ಗದರಿಕೆಯಾಗಿ ಕೇಳಿಸಿ ಆಮೇಲೆ ಅರ್ಥವಾಗುತ್ತಿದ್ದವು. ಅಷ್ಟು ಹೊತ್ತಿಗೆ ತಡವಾಗಿರುತ್ತಿತ್ತು.

"ಎಳಿ ಅಂದ್ರೆ ಎಳಿ! ನಿದ್ದೆ ಮಾಡ್ತಿದೀಯಾ?"

ಅವಳು ಎಳೆದಳು. ಕೆಳಗೆ, ಹಿಡಿಯನ್ನು ಎಳೆದಲ್ಲೇ ಕಚ್ಚಿ ನಿಲ್ಲಿಸುವ ಹಲ್ಲುಪಟ್ಟಿಯ ಮೇಲೆ ಟಕ್ ಟಕ್ ಎಂದು ಏನೋ ಹತ್ತಿತು. ಜಾಕಿನ ಮೇಲೆ ನಿಂತಿದ್ದ ಹಿಂದಿನ ಚಕ್ರವನ್ನು ಅವನು ಕೈಯಲ್ಲಿ ತಿರುಗಿಸಿ ನೋಡುವ ಸದ್ದು, ಪಾನಾ ನಟ್ಟಿಗೆ ಕಚ್ಚುವ ಸದ್ದು, ಅವನ ಏದುಸಿರು. ಬಿಸಿಲಿಗೆ ಕಾದ ಚರ್ಮದ ಸೀಟಿನಿಂದ ಹಳೆಯ ಹೊಗೆಸೊಪ್ಪಿನ, ಯಾರದೋ ಬೆವರಿನ ವಾಸನೆ ಏಳುತ್ತಿತ್ತು. ಈ ಕಾರು ಮೊದಲು ಬೆಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬನದಾಗಿತ್ತಂತೆ. ಅವನು ತನ್ನ ಸೀಮೆಗೆ ಹೊರಟಾಗ ತೀರ್ಥಪ್ಪ ಇದನ್ನು ಕೊಂಡು ತಂದಿದ್ದ. ಅಜ್ಜಂಪುರದಲ್ಲಿ ಸ್ವಂತ ಕಾರಿದ್ದವರು ಇನ್ನಾರೂ ಇರಲಿಲ್ಲ. ಅಮಲ್ದಾರರು ಸಹ ಕುದುರೆಗಾಡಿಯಲ್ಲಿ ಬರುತ್ತಿದ್ದರು. ಅದು ಮನೆಗೆ ಬಂದ ದಿನ ಆರತಿ ಎತ್ತಿದವಳು ಅವಳೇ. ಆಮೇಲೆ ಅದರ ಹಿಂದಿನ ಸೀಟಿನಲ್ಲಿ ಕೂತಿದ್ದು ಒಂದೋ ಎರಡೋ ಸಲ. ಮುಂದಿನ ಈ ಜಾಗದಲ್ಲಿ ಕೂರುವುದನ್ನು ಕನಸಿನಲ್ಲೂ ನೆನೆದವಳಲ್ಲ. ಬೇಲಿಯಾಚೆ ಯಾರಾದರೂ ಹೋಗುತ್ತ ನೋಡಿದರೆ ಏನೆಂದಾರು ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕುತ್ತಿಗೆಯನ್ನು ಭುಜಗಳ ನಡುವೆ ಇಳಿಸಿ, ಆದಷ್ಟು ಚಿಕ್ಕವಳಾಗಿ ಕೂತಿದ್ದಳು. ಮೂತಿಯನ್ನು ಮನೆಯ ಕಡೆಗೆ ಮಾಡಿ ಹಿಂಭಾಗವನ್ನು ಇಳಿಜಾರಿಗೆ ಮಾಡಿ ಹಿತ್ತಲಲ್ಲಿ ನಿಂತಿದ್ದ ಆ ಕಾರಿನೊಳಗೆ ಕೂತರೆ ಬೆನ್ನ ಹಿಂದೆ ಏನೋ ತನ್ನನ್ನು ಮೆಲ್ಲಗೆ ಎಳೆಯುತ್ತಿದೆ ಎನಿಸುತ್ತಿತ್ತು. ಬುಕ್ಕಾಂಬುಧಿಯಲ್ಲಿ, ತವರಿನಲ್ಲಿ, ಕೆರೆ ಏರಿಯ ಕೆಳಗಿನ ದಾರಿಯಲ್ಲಿ ನಡೆದು ಹೋಗುವಾಗ ಹೀಗೇ ಆಗುತ್ತಿತ್ತು. ಏರಿಯ ಆಚೆಗೆ ಸಮುದ್ರದಷ್ಟು ನೀರು ನಿಂತಿದೆ, ಇತ್ತ ತಾನು ನಡೆಯುತ್ತಿದ್ದೇನೆ, ನಡುವೆ ಬರೀ ಮಣ್ಣು. ಅವಳು ಓಡುತ್ತಿದ್ದಳು. ಅಪ್ಪ ಹಿಂದಿನಿಂದ ನಗುತ್ತಿದ್ದ. "ನೂರಾರು ವರ್ಷದಿಂದ ನಿಂತಿರೋ ನೀರು ಕಣೇ, ನೀನು ಓಡ್ತೀಯ ಅಂತ ಇವತ್ತು ಬಂದ್ಬಿಡ್ತದಾ?"

"ಬಿಡು."

ಬಿಟ್ಟಳು.

ತರೀಕೆರೆಯ ಸಂತೆಯ ದಿನ ಆದದ್ದನ್ನು ಅವಳಿಗೆ ಅವನು ಹೇಳಿರಲಿಲ್ಲ. ತರಕಾರಿ ತರುವ ಕೆಂಚಮ್ಮನ ಬಾಯಿಂದ ಕೇಳಿದ್ದಳು. ಏರಿನಲ್ಲಿ ಕಾರು ನಿಲ್ಲಿಸಿ, ಗತ್ತಿನಿಂದ ಇಳಿದು, ಯಾರೊಂದಿಗೋ ಮಾತಿಗೆ ನಿಂತಿದ್ದಾಗ ಅದು ತಾನೇ ತಾನಾಗಿ ಹಿಂದಕ್ಕೆ ಹೊರಟಿತಂತೆ. ಕುಂಬಾರರ ಮಡಕೆ ರಾಶಿಗೆ ನುಗ್ಗಿ ನಿಂತಿತಂತೆ. ಶಲ್ಯ ಹಾರಿಸಿಕೊಂಡು ಅದರ ಹಿಂದೆ ಓಡಿದ ತೀರ್ಥಪ್ಪನನ್ನು ನೋಡಿ ಸಂತೆಗೆ ಸಂತೆಯೇ ನಕ್ಕಿತಂತೆ. ಮೋಟಾರು ರಿಪೇರಿ ಮಾಡುವ ಜಮಾಲ್ ಸಾಬ್ ಅಂಗಡಿ ಬಾಗಿಲಲ್ಲಿ ನಿಂತು, "ತಂದು ಬಿಡಿ ಸಾಮಿ, ಹಿಂದಿನ ಬ್ರೇಕು ಬಿಗಿ ಮಾಡಿಕೊಡ್ತೀನಿ" ಎಂದನಂತೆ. ಅವನೂ ನಗುತ್ತಿದ್ದನಂತೆ. ಅಷ್ಟು ಸಾಕಾಗಿತ್ತು. ಜಮಾಲ್ ಸಾಬಿಗೆ ಕಾರು ಒಯ್ಯುವ ಮಾತೇ ಇರಲಿಲ್ಲ. ತಾನು ನೋಡಿ ಕಲಿಯದ ವಿದ್ಯೆ ಏನಿದೆ ಎಂದು ತೀರ್ಥಪ್ಪ ಈ ಬೆಳಿಗ್ಗೆ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ, ಪಂಚೆಯನ್ನು ಕಚ್ಚೆ ಹಾಕಿ, ಕೆಳಗೆ ತೂರಿದ್ದ. ಆಳುಗಳೆಲ್ಲ ತೆಂಗಿನ ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಒಬ್ಬರನ್ನು ಕರೆಸಬಹುದಿತ್ತು. ಆಳಿನ ಮುಂದೆ ಬ್ರೇಕು ಸರಿಯಾಗದಿದ್ದರೆ ಆಳೂ ನಗುತ್ತಾನೆ. ಹೆಂಡತಿ ನಗುವುದಿಲ್ಲ.

ಇವತ್ತೇ ಆಗಬೇಕಿತ್ತು. ನಾಳೆ ಲಿಂಗದಹಳ್ಳಿಗೆ ಹೋಗಬೇಕು. ಆ ದಾರಿಯಲ್ಲಿ ಏರಿಳಿತ ಬಹಳ. ಯಾಕೆ ಹೋಗಬೇಕು ಎಂಬುದನ್ನೂ ಅವನು ಅವಳಿಗೆ ಹೇಳಿರಲಿಲ್ಲ. ಅತ್ತೆ ಕರಿಬಸಮ್ಮನೂ ಹೇಳಿರಲಿಲ್ಲ. ಆದರೆ ಅತ್ತೆಯ ಪೆಟ್ಟಿಗೆಯಿಂದ ರೇಷ್ಮೆ ಸೀರೆ ಬಿಸಿಲಿಗೆ ಬಂದಿತ್ತು. ಅವಳೇ ಅದನ್ನು ಹರವಿ, ಅವಳೇ ಮಡಿಸಿದ್ದಳು. ಅತ್ತೆ ಕಡೂರಿನಿಂದ ತನ್ನ ತಮ್ಮ ನಂಜುಂಡಪ್ಪನನ್ನು ಕರೆತರಲು ಬೆಳಗಿನ ರೈಲಿಗೆ ಹೋಗಿದ್ದಳು. ಇಂಥ ಮಾತಿಗೆ ಹಿರಿಯನೊಬ್ಬ ಮುಂದೆ ಕೂರಬೇಕು. ಕೆಂಚಮ್ಮ ಸೊಪ್ಪಿನ ಕಟ್ಟು ಇಳಿಸುತ್ತಾ, ಅವಳ ಮುಖ ನೋಡದೆ, "ಲಿಂಗದಹಳ್ಳಿ ಹುಡುಗೀಗೆ ಇನ್ನೂ ಹದಿನಾರಂತೆ ಕಣವ್ವ, ನಿಮ್ಮನ್ನ ಅಕ್ಕನ ಥರಾ ನೋಡ್ಕಂತಾಳೆ ಬಿಡಿ" ಎಂದಿದ್ದಳು. ಆಗ ದಾಕ್ಷಾಯಣಮ್ಮನಿಗೆ ಅಳು ಬರಲಿಲ್ಲ. ಬಂದದ್ದು ಹೆದರಿಕೆ. ತಾನು ಇನ್ನು ಯಾವ ಕೋಣೆಯಲ್ಲಿ ಮಲಗಬೇಕು, ನೀರು ಮೊದಲು ಯಾರು ಮೀಯುತ್ತಾರೆ, ಬಡಿಸುವವರು ಯಾರು, ಕೊನೆಗೆ ಉಣ್ಣುವವರು ಯಾರು. ಮನೆಯೊಳಗಿನ ಇಷ್ಟಿಷ್ಟೇ ಜಾಗಗಳೆಲ್ಲ ಕಾಲ ಕೆಳಗಿನಿಂದ ಜಾರಿ ಹೋಗುತ್ತಿರುವಂತೆ ಕಂಡು, ಸೊಪ್ಪನ್ನು ಬಿಡಿಸುತ್ತಾ ಬಿಡಿಸುತ್ತಾ ಒಳ್ಳೆಯ ಎಲೆಗಳನ್ನೆಲ್ಲ ಹೊರಗೆ ಬಿಸಾಡಿದ್ದಳು. ಅದಕ್ಕೂ ಬೈಸಿಕೊಂಡಿದ್ದಳು.

ಈಗ ಅದೇ ದಾರಿಗಾಗಿ ಬ್ರೇಕು ಬಿಗಿ ಮಾಡಲು ತಾನೇ ಕೂತಿದ್ದೇನೆ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಅದನ್ನು ಮನಸ್ಸಿನಲ್ಲಿ ಹಿಡಿದು ನೋಡುವ ಧೈರ್ಯವಿರಲಿಲ್ಲ. ಬಿಸಿ ಪಾತ್ರೆಯನ್ನು ಮುಟ್ಟಿ ಕೈ ಹಿಂದೆಗೆದಂತೆ ಆ ಯೋಚನೆಯನ್ನು ಮುಟ್ಟಿ ಮುಟ್ಟಿ ಬಿಡುತ್ತಿದ್ದಳು.

ಹಿಡಿಯಿಂದ ಎರಡೂ ಕಡೆಯ ಹಿಂದಿನ ಚಕ್ರಗಳಿಗೆ ಹೋದ ಕಂಬಿಗಳ ನಟ್ಟನ್ನು ಬಿಗಿದಂತೆಲ್ಲ ಹಿಡಿ ಬರಬೇಕಾದ ದೂರ ಕಡಿಮೆಯಾಗುತ್ತಾ ಬಂತು. ಮೊದಲು ತೊಡೆಯವರೆಗೆ ಎಳೆಯಬೇಕಾಗಿದ್ದದ್ದು ಈಗ ಮೊಣಕಾಲಿನ ಹತ್ತಿರವೇ ಗಟ್ಟಿಯಾಗುತ್ತಿತ್ತು. ಆದರೆ ಅಲ್ಲಿ, ಆ ಜಾಗದಲ್ಲಿ, ಹಲ್ಲುಪಟ್ಟಿಯ ಸದ್ದು ಬೇರೆಯಾಗಿತ್ತು. ಟಕ್ ಎನ್ನುವ ಬದಲು ಏನೋ ಸವರಿಕೊಂಡು ಹೋದಂತೆ. ಒಂದು ಸಲ ಅವಳು ಕೈ ಸಡಿಲಿಸಿದಾಗ ಹಿಡಿ ತಾನಾಗಿಯೇ ಒಂದಿಷ್ಟು ಮುಂದಕ್ಕೆ ಜಾರಿ ಆಮೇಲೆ ನಿಂತಿತು. ಹೇಳಬೇಕೋ ಬೇಡವೋ ಎಂದು ಹಿಡಿಯನ್ನು ಸವರುತ್ತಾ ಕೂತಳು.

"ರೀ, ಇದು ಸರಿಯಾಗಿ ಕಚ್ಕಂತಾ ಇಲ್ಲ ಅನ್ಸುತ್ತೆ."

"ಏನು?"

"ಹಿಡಿ. ಜಾರ್ತದೆ."

"ನೀನು ಸರಿಯಾಗಿ ಎಳೀತಾ ಇಲ್ಲ ಅದಕ್ಕೆ. ಅನ್ನ ತಿಂತೀಯೋ ಇಲ್ಲೋ? ಬ್ರೇಕು ಇರೋದು ಇಲ್ಲಿ, ಚಕ್ರದಾಗೆ. ಅಲ್ಲಿರೋದು ಬರೀ ಹಿಡಿ. ಮುಚ್ಕಂಡು ಹೇಳ್ದಷ್ಟು ಮಾಡು."

ಅವಳು ಮುಚ್ಚಿಕೊಂಡಳು. ಒಂದು ಬಗೆಯ ನೆಮ್ಮದಿಯೂ ಆಯಿತು. ಹೇಳಿದ್ದಾಯಿತು, ಇನ್ನು ತನ್ನ ಮೇಲಿಲ್ಲ.

ತೀರ್ಥಪ್ಪ ಹೊರಗೆ ಬಂದಾಗ ಬೆನ್ನೆಲ್ಲ ಕೆಂಪು ಮಣ್ಣು, ಮೂಗಿನ ಮೇಲೆ ಕರಿ ಎಣ್ಣೆ. ಜಾಕು ಇಳಿಸಿದ. ಕಾರು ನಿಟ್ಟುಸಿರಿಟ್ಟಂತೆ ನಾಲ್ಕೂ ಚಕ್ರಗಳ ಮೇಲೆ ಕೂತಿತು. ಚಕ್ರಗಳ ಹಿಂದೆ ಕೊಟ್ಟಿದ್ದ ಗುಂಡುಕಲ್ಲುಗಳನ್ನು ಒಂದೊಂದಾಗಿ ಒದ್ದು ಪಕ್ಕಕ್ಕೆ ಉರುಳಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ. ಅವಳು ಎಳೆದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. "ಕೈ ಬಿಡು" ಎಂದ. ಬಿಟ್ಟಳು. ಕಾರು ನಿಂತಿತ್ತು. ಇಳಿಜಾರಿನಲ್ಲಿ, ಕಲ್ಲಿಲ್ಲದೆ, ಬಿಸಿಲಲ್ಲಿ ಕಪ್ಪಗೆ ಹೊಳೆಯುತ್ತಾ ನಿಂತೇ ಇತ್ತು. ಅವನ ಮುಖದಲ್ಲಿ ಮೂಡಿದ ಸಂತೋಷವನ್ನು ಅವಳು ನೋಡಿದಳು. ಅದು ಅವಳಿಗಾಗಿ ಇರಲಿಲ್ಲ, ತರೀಕೆರೆಗಾಗಿ ಇತ್ತು. ಆದರೂ ಅವಳ ತುಟಿಯೂ ಅರಳಿತು. ಎಂಥ ಅಲ್ಪ ಪ್ರಾಣಿ ನಾನು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ನನ್ನ ಮೇಲೆ ಸವತಿಯನ್ನು ತರುವ ಕಾರು ನಿಂತಿತೆಂದು ನಕ್ಕೆನಲ್ಲ.

ಇಳಿಯಲೆಂದು ಅವಳು ಒಂದು ಕಾಲು ಎತ್ತಿದಳು. "ತಡಿ, ಕೂತಿರು. ಎಡಗಡೆ ಕಂಬೀಗೆ ಪಿನ್ನು ಚುಚ್ಚಿಲ್ಲ. ಒಂದು ನಿಮಿಷ" ಎನ್ನುತ್ತಾ ತೀರ್ಥಪ್ಪ ಕಾರನ್ನು ಸುತ್ತಿ ಆ ಕಡೆ ಹೋದ. ಹಿಂದಿನ ಚಕ್ರದ ಬೆನ್ನಿಗೇ ಅಡ್ಡ ಮಲಗಿ, ತಲೆಯನ್ನೂ ಭುಜವನ್ನೂ ಒಳಗೆ ತೂರಿಸಿದ. ಕಲ್ಲು ಕೊಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು. ಹೊಳೆದು, ಈಗಷ್ಟೇ ಮುಚ್ಚಿಕೋ ಎಂದಿದ್ದಾನೆ ಎಂಬುದೂ ಹೊಳೆದು, ಕಾಲನ್ನು ಮತ್ತೆ ಒಳಗೆಳೆದುಕೊಂಡು ಕೂತಳು. ಬೇಲಿಯ ಮೇಲೆ ಎರಡು ಓತಿಕೇತಗಳು ಒಂದನ್ನೊಂದು ನೋಡುತ್ತಾ ತಲೆ ಆಡಿಸುತ್ತಿದ್ದವು.

ಸದ್ದು ಬಹಳ ಚಿಕ್ಕದು. ಉಗುರಿನಿಂದ ಸ್ಲೇಟು ಕೆರೆದಂಥದ್ದು. ಹಿಡಿ ಅವಳ ಕಣ್ಣೆದುರಿಗೇ, ಯಾರೂ ಮುಟ್ಟದೆ, ಮುಂದಕ್ಕೆ ಬಿದ್ದಿತು. ಎದುರಿಗಿದ್ದ ತಮ್ಮ ಮನೆಯ ಗೋಡೆ ಅವಳಿಂದ ದೂರ ಸರಿಯತೊಡಗಿತು. ಗೋಡೆ ಯಾಕೆ ಹೋಗುತ್ತಿದೆ ಎಂದು ಅವಳಿಗೆ ಅರ್ಥವಾಗುವ ಮೊದಲೇ ಕೈಗಳಿಗೆ ಅರ್ಥವಾಗಿತ್ತು. ಎರಡೂ ಕೈಯಲ್ಲಿ ಹಿಡಿಯನ್ನು ಅಪ್ಪಿ, ಪಾದಗಳನ್ನು ಮುಂದಿನ ಹಲಗೆಗೆ ಒದ್ದು, ಇಡೀ ಮೈಯನ್ನು ಹಿಂದಕ್ಕೆ ಎಸೆದಳು. ಕಾರು ನಡುಗಿ ನಿಂತಿತು. ಅದರ ಬೆನ್ನಿಗೇ ಕೆಳಗಿನಿಂದ ಒಂದು ಕೂಗು. ಅದು ಗಂಡನ ದನಿಯೆಂದು ಅವಳಿಗೆ ಗುರುತು ಹತ್ತಲಿಲ್ಲ. ಅವನ ದನಿ ಯಾವತ್ತೂ ಅಷ್ಟು ಮೇಲಕ್ಕೆ ಹೋದದ್ದನ್ನು ಅವಳು ಕೇಳಿರಲಿಲ್ಲ.

"ತೋಳು! ತೋಳ ಮೇಲೆ ಬಂತು ಕಣೇ! ಹಿಡ್ಕ! ಹಿಡ್ಕ!"

"ಹಿಡ್ದಿದೀನಿ. ಹಿಡ್ದಿದೀನಿ ಕಣ್ರೀ. ಎಳ್ಕಳಿ ಕೈನ."

"ಬರಲ್ಲ! ಚಕ್ರದ ಕೆಳಗೆ ಸಿಕ್ಕಾಕ್ಕಂಡೈತೆ. ಬಿಡಬ್ಯಾಡ. ಬಿಟ್ರೆ ಎದೆ ಮ್ಯಾಲೆ ಬತ್ತದೆ."

"ಕಾಲಿಂದು ಒತ್ಲಾ? ಇಲ್ಲಿ ಮೂರವೆ, ಯಾವ್ದು ಒತ್ಲಿ?"

ಕೆಳಗಿನಿಂದ, ಅಳುವವನಂತೆ, "ಅದ್ರ ಕಂಬೀನ ನಾನೇ ಬಿಚ್ಚಿಟ್ಟಿದೀನಿ."

ಹಿಡಿ ಹಲ್ಲಿಗೆ ಕಚ್ಚುತ್ತಿರಲಿಲ್ಲ. ಅವಳು ಎಳೆದಿದ್ದಷ್ಟೂ ಹೊತ್ತು ಕಾರು ನಿಲ್ಲುತ್ತಿತ್ತು, ಅಷ್ಟೇ. ನಡುವೆ ಬೇರೇನೂ ಇರಲಿಲ್ಲ. ಮೋಟಾರಿನ ಅಷ್ಟೂ ಭಾರ ತನ್ನ ಬೆರಳುಗಳಿಗೆ ಬಂದು ನೇತು ಬಿದ್ದಿದೆ ಎಂದು ತಿಳಿದಾಗ ಅವಳ ಬಾಯಿ ತಾನಾಗಿ ತೆರೆದು ಯಾರನ್ನೋ ಕೂಗಿತು. ಕೆಂಚಮ್ಮಾ ಎಂದು ಕೂಗಿದಳು, ಪಕ್ಕದ ಮನೆಯ ಸುಲೋಚನಮ್ಮಾ ಎಂದು ಕೂಗಿದಳು. ಮನೆಗೆ ಬಂದ ಹೊಸದರಲ್ಲಿ ಸೊಸೆಯ ದನಿ ಹೊಸಿಲು ದಾಟಬಾರದು ಎಂದು ಅತ್ತೆ ಕಲಿಸಿದ್ದಳು. ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ ಈಗ ಬೇಕೆಂದರೂ ದನಿ ಬೇಲಿಯವರೆಗೂ ಹೋಗಲಿಲ್ಲ. ಗಂಟಲಿನಲ್ಲೇ ಸುತ್ತಿ ಸತ್ತುಹೋಗುತ್ತಿತ್ತು. ಕೆಳಗೆ ಅವನೂ ಕೂಗುತ್ತಿದ್ದ, ಮಣ್ಣಿನೊಳಗೆ ಮುಖವಿಟ್ಟು ಕೂಗಿದಂತೆ. ದೂರದ ತೋಟದಲ್ಲಿ ತೆಂಗಿನಕಾಯಿಗಳು ನೆಲಕ್ಕೆ ಬೀಳುವ ಸದ್ದು, ಆಳುಗಳ ನಗು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅವರದು ಇಲ್ಲಿಗೆ ಕೇಳುತ್ತದೆ, ಇಲ್ಲಿಯದು ಅವರಿಗೆ ಕೇಳುವುದಿಲ್ಲ.

ಮೊದಲು ನೋವು ಮುಂಗೈಯಲ್ಲಿತ್ತು. ಆಮೇಲೆ ಭುಜಕ್ಕೆ ಏರಿತು. ಆಮೇಲೆ ನೋವು ಹೋಗಿ ನಡುಕ ಬಂತು. ಬೆರಳುಗಳು ತನ್ನವಲ್ಲ ಎನಿಸತೊಡಗಿದಾಗ ಅವಳು ಅವುಗಳ ಕಡೆ ನೋಡಿದಳು. ಬಿಳಿಚಿಕೊಂಡು, ಗಂಟುಗಳು ಎದ್ದು, ಯಾವುದೋ ಹಕ್ಕಿಯ ಕಾಲಿನಂತೆ ಕಬ್ಬಿಣವನ್ನು ಕಚ್ಚಿದ್ದವು. ಇವು ಬಿಟ್ಟರೆ, ಎಂಬ ಮಾತು ಮನಸ್ಸಿಗೆ ಬಂತು. ಇವು ಬಿಟ್ಟರೆ ಎಂದು ಬಂದದ್ದು ಮರುಕ್ಷಣವೇ ನಾನು ಬಿಟ್ಟರೆ ಎಂದಾಯಿತು. ಯಾರು ಹಾಗೆ ಬದಲಾಯಿಸಿದರೋ ಅವಳಿಗೆ ತಿಳಿಯಲಿಲ್ಲ. ಹೆದರಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ ಹಣೆಗೆ ಕುಂಕುಮವಿಲ್ಲದ ತನ್ನ ಮುಖ ಕಂಡಿತು. ಅದರ ಪಕ್ಕದಲ್ಲೇ ರೇಷ್ಮೆ ಸೀರೆಯುಟ್ಟ, ಮುಖವಿಲ್ಲದ ಹದಿನಾರರ ಹುಡುಗಿ ತನ್ನ ಒಲೆಯ ಮುಂದೆ ಕೂತದ್ದು ಕಂಡಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಯಾರೋ ಕೇಳಿದಂತಾಯಿತು. ಶಿವನೇ, ಶಿವನೇ ಎಂದಳು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಳ್ಳಬೇಕೆನಿಸಿತು. ಮುಟ್ಟಲು ಕೈಯಿರಲಿಲ್ಲ.

ಆಗ ಎಡಗೈ ಹಿಡಿಯನ್ನು ಬಿಟ್ಟಿತು.

ಕಾರು ಕದಲಿತು. ಒಂದು ಬೆರಳಿನಷ್ಟಿರಬಹುದು. ಕೆಳಗೆ ಅವನು ಚೀರಿದ. ಅವಳ ಎಡಗೈ ಗಾಳಿಯಲ್ಲಿತ್ತು. ಅದರ ಮುಂದೆ, ಹಿಡಿಯ ಪಕ್ಕದ ಬಾಗಿಲಿಗೆ ಬಿಗಿದಿದ್ದ ಹಾರನ್ನಿನ ಕಪ್ಪು ರಬ್ಬರಿನ ಗುಂಡು ಇತ್ತು. ಅದನ್ನು ನೋಡಿದಳು. ಹಿಸುಕಿದಳು. ಹಿಸುಕಿದಳು, ಮತ್ತೆ ಹಿಸುಕಿದಳು. ಎಮ್ಮೆ ಒದರಿದಂತೆ ಸದ್ದು ಹಿತ್ತಲನ್ನೆಲ್ಲ ತುಂಬಿತು. ಮತ್ತೆ ಎಡಗೈ ಓಡಿ ಬಂದು ಬಲಗೈಯ ಪಕ್ಕ ಹಿಡಿಯನ್ನು ಕಚ್ಚಿಕೊಂಡಿತು.

"ದಾಕ್ಷಾಯಣೀ."

ಅವನು ಅವಳನ್ನು ಏ ಎನ್ನುತ್ತಿದ್ದ, ಇವಳೇ ಎನ್ನುತ್ತಿದ್ದ. ಹೆಸರು ಹಿಡಿದು ಕರೆದದ್ದು ಮದುವೆಯ ದಿನ, ಒಗಟಿನಲ್ಲಿ ಹೇಳಿಸಿದಾಗ. ಆಮೇಲೆ ಈಗ.

"ದಾಕ್ಷಾಯಣೀ, ನಾನು ಹೋಗಲ್ಲ ಕಣೇ. ಲಿಂಗದಹಳ್ಳಿಗೆ ಹೋಗಲ್ಲ. ನಮ್ಮವ್ವನಾಣೆ. ನಿನ್ನ ಕಾಲಿಗೆ ಬೀಳ್ತೀನಿ, ಬಿಡಬ್ಯಾಡ."

ಅಲ್ಲಿಯವರೆಗೆ ಅವಳು ಬರಿಯ ಹಿಡಿದುಕೊಂಡವಳು. ಬಿದ್ದ ಮಗುವನ್ನು ಎತ್ತಿಕೊಳ್ಳುವಂತೆ, ಉಕ್ಕುವ ಹಾಲಿನ ಪಾತ್ರೆಯನ್ನು ಇಳಿಸುವಂತೆ, ಯೋಚಿಸದೆ ಹಿಡಿದವಳು. ಈಗ ಅವನು ಬೆಲೆ ಕಟ್ಟಿದ್ದ. ಅಂದರೆ ಅಲ್ಲಿ ಕತ್ತಲಲ್ಲಿ ಮಲಗಿ ಅವನು ಇದನ್ನೇ ಯೋಚಿಸುತ್ತಿದ್ದಾನೆ: ಇವಳು ಬಿಡುತ್ತಾಳೆ. ಬಿಡಲು ಇವಳಿಗೆ ಕಾರಣವಿದೆ. ಆ ಕಾರಣವನ್ನು ಅವನು ಅವಳಿಗೆ ಒಂದು ಮಾತೂ ಹೇಳದೆ ಇಷ್ಟು ದಿನ ಬಚ್ಚಿಟ್ಟಿದ್ದ. ಬಚ್ಚಿಟ್ಟದ್ದು ಅವಳಿಗೆ ಗೊತ್ತೆಂಬುದೂ ಗೊತ್ತಿದ್ದು ಬಚ್ಚಿಟ್ಟಿದ್ದ. ಇಷ್ಟು ವರ್ಷ ಉಣಬಡಿಸಿದ ಕೈ ಇದು. ಇದರ ಬಗ್ಗೆ ಅವನಿಗೆ ಇಷ್ಟೇ ಗೊತ್ತಿತ್ತೇ? ಇಲ್ಲಾ, ತನಗಿಂತ ಹೆಚ್ಚು ಗೊತ್ತಿತ್ತೇ?

"ಸುಮ್ನಿರಿ," ಎಂದಳು. ಅಷ್ಟು ಗಟ್ಟಿಯಾಗಿ ಅವಳು ಅವನಿಗೆ ಎಂದೂ ಹೇಳಿರಲಿಲ್ಲ. "ಮಾತಾಡಬ್ಯಾಡಿ. ಸುಮ್ನಿರಿ."

ಅವನು ಸುಮ್ಮನಾದ. ಒಡನೆಯೇ ಸುಮ್ಮನಾದ. ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಬೇಲಿಯ ಗೇಟು ಕಿರುಗುಟ್ಟಿತು. ಹಳೆ ಸೀರೆಗಳನ್ನು ಒಯ್ದು ಕೌದಿ ಹೊಲಿದು ತರುವ ಸೈದಾನಿ ಬಿ, ಪೇಟೆ ಬೀದಿಯ ಮುದುಕಿ, ಕಂಕುಳಲ್ಲಿ ಗಂಟು ಹಿಡಿದು ನಿಂತಿದ್ದಳು. ಹಾರನ್ ಕೇಳಿ ಕಾರು ಹೊರಡುತ್ತಿದೆ, ಹೊಲಿಗೆಯ ದುಡ್ಡು ಕೊಡದೆ ತೀರ್ಥಪ್ಪ ಹೋಗಿಬಿಟ್ಟಾನು ಎಂದು ಬೇಗ ಬೇಗ ಹೆಜ್ಜೆ ಹಾಕಿ ಬಂದವಳು. ಡ್ರೈವರ್ ಸೀಟಿನಲ್ಲಿ ದಾಕ್ಷಾಯಣಮ್ಮನನ್ನು ಕಂಡು ಮೊದಲು ನಕ್ಕಳು. "ಏನಮ್ಮಾ, ನೀವೇ ಮೋಟಾರು ಬಿಡ್ತೀರಾ ಇವತ್ತು?" ಆಮೇಲೆ ಮುಖ ಕಂಡಿತು. ಆಮೇಲೆ ಆ ಬದಿಯಿಂದ ಹೊರಚಾಚಿದ್ದ ಕಾಲುಗಳು ಕಂಡವು.

"ಯಾ ಅಲ್ಲಾ!"

"ಕಲ್ಲು, ಸೈದಾನಿ ಬಿ! ಅಲ್ಲಿ ಬಿದ್ದಾವಲ್ಲ ಗುಂಡುಕಲ್ಲು, ಚಕ್ರದ ಹಿಂದೆ ಹಾಕು. ಈ ಕಡೆ ಚಕ್ರಕ್ಕೆ! ಬೇಗ!"

ಗಂಟು ಬಿತ್ತು. ಮುದುಕಿ ಕೂತು, ಎರಡೂ ಕೈಯಲ್ಲಿ ಕಲ್ಲನ್ನು ತಳ್ಳುತ್ತಾ, ಉರುಳಿಸುತ್ತಾ, ಏನೇನೋ ಗೊಣಗುತ್ತಾ ತಂದು ಬಲಗಡೆಯ ಚಕ್ರದ ಹಿಂದಕ್ಕೆ ಒತ್ತಿದಳು. ಇನ್ನೊಂದನ್ನು ತಂದು ಮುಂದಿನ ಚಕ್ರಕ್ಕೆ ಕೊಟ್ಟಳು. ಆಮೇಲೆ ಗೇಟಿಗೆ ಓಡಿ, ಬೀದಿಯೆಲ್ಲ ಕೇಳುವ ಹಾಗೆ, ಹೊಸಿಲಿನ ಪಾಠ ಕಲಿಯದ ತುಂಬು ಗಂಟಲಿನಲ್ಲಿ ಕೂಗಿದಳು. ಜನ ಬಂದರು. ಪಕ್ಕದ ಮನೆಯವರು, ದಾರಿಯಲ್ಲಿ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವರು. ಭುಜ ಕೊಟ್ಟು ಕಾರಿನ ಆ ಮೂಲೆಯನ್ನು ಮೇಲಕ್ಕೆತ್ತಿದರು. "ಬಂದ್ರು, ಬಂದ್ರು, ಆಚೆ ಬಂದ್ರು" ಎಂಬ ಗದ್ದಲ ಕೇಳಿಸಿತು. ದಾಕ್ಷಾಯಣಮ್ಮ ಮಾತ್ರ ಹಿಡಿದೇ ಇದ್ದಳು. ಸೈದಾನಿ ಬಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. "ಬಿಡಮ್ಮ. ಆಯ್ತಮ್ಮ, ಬಿಡು. ಉಳಿಸ್ಕಂಡೆ ತಾಯಿ, ಉಳಿಸ್ಕಂಡೆ."

ಹಿತ್ತಲಿನ ಮಣ್ಣು ಮೆದುವಾಗಿದ್ದರಿಂದ ಮೂಳೆ ಮುರಿದಿರಲಿಲ್ಲ. ತೋಳಿನ ಮಾಂಸ ಜಜ್ಜಿ ನೀಲಿಗಟ್ಟಿತ್ತು, ಪಕ್ಕೆಯ ಚರ್ಮ ಸುಲಿದಿತ್ತು. ಇನ್ನೊಂದು ಗೇಣು ಸರಿದಿದ್ದರೆ ಇಷ್ಟರಲ್ಲಿ ಮುಗಿಯುತ್ತಿರಲಿಲ್ಲ ಎಂದು ಗಾಯ ನೋಡಲು ಬಂದ ಈರಣ್ಣ ಪಂಡಿತ ಹೇಳಿ ಸೊಪ್ಪು ಅರೆಯಿಸಿ ಕಟ್ಟಿ ಹೋದ. ತೀರ್ಥಪ್ಪ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಂದವರೆಲ್ಲ ಅವನನ್ನು ನೋಡಿ, ಆಮೇಲೆ ಅವಳನ್ನು ನೋಡಿ, ಹೆಣ್ಣು ಹೆಂಗಸು ಮೋಟಾರನ್ನು ತೋಳಲ್ಲಿ ಹಿಡಿದು ನಿಲ್ಲಿಸಿದಳಂತೆ ಎಂದು ಬೆರಗಾಗಿ ಹೋದರು. ಹಾರನ್ ಹೊಡೆಯಬೇಕೆಂದು ಹೊಳೆಯಿತಲ್ಲ, ಎಂಥ ಬುದ್ಧಿ ಎಂದು ಸುಲೋಚನಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಪ್ರತಿ ಸಲ ಹಾರನ್ನಿನ ಮಾತು ಬಂದಾಗ ದಾಕ್ಷಾಯಣಮ್ಮ ಒಳಗೆ ಹೋಗುತ್ತಿದ್ದಳು. ನೀರು ಕೊಡಬೇಕು, ಒಲೆ ನೋಡಬೇಕು. ಬೆರಳುಗಳು ಸರಿಯಾಗಿ ಮಡಚದೆ ಲೋಟದ ನೀರು ಅರ್ಧ ನೆಲಕ್ಕೆ ಹೋಗುತ್ತಿತ್ತು. ಇವತ್ತು ಯಾರೂ ಬೈಯಲಿಲ್ಲ.

ಸಂಜೆಯ ರೈಲಿಗೆ ಕರಿಬಸಮ್ಮ ತಮ್ಮ ನಂಜುಂಡಪ್ಪನೊಂದಿಗೆ ಬಂದಳು. ಸ್ಟೇಷನ್ನಿನಲ್ಲೇ ಸುದ್ದಿ ತಿಳಿದು ದಾರಿಯುದ್ದಕ್ಕೂ ಅತ್ತುಕೊಂಡು ಬಂದವಳು ಮಗನ ಮೈಯೆಲ್ಲ ಸವರಿ ನೋಡಿ, ಸೀದಾ ಅಡಿಗೆಮನೆಗೆ ಬಂದು ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ದಾಕ್ಷಾಯಣಮ್ಮ ಒಲೆಯ ಕಡೆ ನೋಡುತ್ತಾ ನಿಂತಳು. ಆಮೇಲೆ ಪಡಸಾಲೆಯಲ್ಲಿ ಮಾತು ನಡೆದದ್ದು ಅವಳಿಗೆ ಕೇಳುತ್ತಿತ್ತು.

"ನಾಳೆ ಬ್ಯಾಡ ಬಿಡಪ್ಪ. ಬರೋ ಸೋಮವಾರ ನೋಡಣ. ನಂಜುಂಡ ಇಲ್ಲೇ ಇರ್ತಾನೆ. ಅವ್ರಿಗೆ ಹೇಳಿ ಕಳಿಸಿದ್ರಾತು."

"ಸೋಮವಾರಾನೂ ಬ್ಯಾಡ ಕಣವ್ವ."

"ಮತ್ತೆ ಯಾವತ್ತು?"

"ಆ ಮಾತು ಇಲ್ಲಿಗೇ ಬಿಟ್ಬಿಡು. ನಂಗೆ ಬ್ಯಾಡ."

"ಏನ್ ಹಂಗಂದ್ರೆ? ಮಾತು ಕೊಟ್ಟು ಕೂತಿದೀವಿ."

"ಬ್ಯಾಡ ಅಂದ್ನಲ್ಲವ್ವ."

ಬಯಸಿದ್ದು ಇದನ್ನೇ. ದೇವರ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿದಾಗಲೆಲ್ಲ ಬಾಯಿ ಬಿಟ್ಟು ಕೇಳದೆ ಕೇಳಿದ್ದು ಇದನ್ನೇ. ಈಗ ಅದು ಬಂದಿತ್ತು, ಬಾಗಿಲಾಚೆಯಿಂದ, ಆ ದನಿಯಲ್ಲಿ. ಸಂತೋಷಕ್ಕಾಗಿ ಅವಳು ತನ್ನೊಳಗೆ ತಡಕಾಡಿದಳು. ಸಿಕ್ಕಿದ್ದು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದ ಹೆದರಿಕೆಯೇ, ಬೇರೆ ಮುಖ ಹೊತ್ತು. ಅವನು ಆ ದನಿಯಲ್ಲಿ ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ, ಆದರೆ ಆ ದನಿಯ ಪರಿಚಯ ಅವಳಿಗೆ ಚೆನ್ನಾಗಿತ್ತು. ಅದು ಅವಳದೇ ದನಿ. ಇಷ್ಟು ವರ್ಷ ಈ ಮನೆಯಲ್ಲಿ, ಎದುರಿಗಿದ್ದವರ ಕೈ ಯಾವಾಗ ಏಳುತ್ತದೋ ಎಂದು ನೋಡುತ್ತಾ ಅವಳು ಆಡಿದ ದನಿ.

ಕತ್ತಲು ಕವಿಯುವ ಮುನ್ನ ಸೊಪ್ಪಿನ ಕಟ್ಟನ್ನು ಬದಲಾಯಿಸಬೇಕೆಂದು ಪಂಡಿತ ಹೇಳಿದ್ದ. ಬಟ್ಟಲಿನಲ್ಲಿ ಅರೆದ ಸೊಪ್ಪು ಹಿಡಿದು ಅವಳು ಪಡಸಾಲೆಗೆ ಬಂದಾಗ ಅತ್ತೆಯೂ ನಂಜುಂಡಪ್ಪನೂ ಜಗಲಿಯಲ್ಲಿ ಕೂತು ಮೆಲ್ಲಗೆ ಏನೋ ವಾದಿಸುತ್ತಿದ್ದರು. ತೀರ್ಥಪ್ಪ ಒಬ್ಬನೇ ಇದ್ದ. ಅವಳು ಮಂಚದ ಅಂಚಿಗೆ ಕೂತಳು. ಅವನು ಕಾಲನ್ನು ತುಸು ಒಳಗೆಳೆದುಕೊಂಡ. ಅವಳಿಗೆ ಜಾಗ ಬಿಡಲೆಂದೋ ಏನೋ.

"ಒಂದ್ ಕೈ ಬಿಟ್ಯಲ್ಲ," ಎಂದ. ಬಹಳ ಮೆಲ್ಲಗೆ, ಗೋಡೆ ನೋಡುತ್ತಾ.

"ಹೂಂ. ಹಾರನ್ನು…"

"ಎಲ್ಲರೂ ಹಂಗೇ ಅಂದ್ರು." ಕಟ್ಟಿದ ತೋಳನ್ನು ಮಡಿಲಿಗೆ ಎಳೆದುಕೊಂಡ. "ಕೆಳಗೆ ಮಲಗಿದ್ದೋನು ನಾನು. ಮೊದ್ಲು ಜಾರ್ತು. ಆಮೇಲೆ ಹಾರನ್ ಕೂಗ್ತು. ನಡುವೆ ಒಂದಿಷ್ಟು ಹೊತ್ತಿತ್ತು."

ಅವಳು ಬಟ್ಟಲನ್ನು ಮಂಚದ ಮೇಲಿಟ್ಟಳು. ಹೇಳಲು ಎಷ್ಟೋ ಇತ್ತು. ಹಲ್ಲು ಸವೆದಿತ್ತು ಎನ್ನಬಹುದು, ಅದು ನಿಜ. ಬೆಳಿಗ್ಗೆಯೇ ಹೇಳಿದ್ದೆ, ನೀವು ಕೇಳಲಿಲ್ಲ ಎನ್ನಬಹುದು, ಅದೂ ನಿಜ. ಹಾರನ್ನಿಗೆಂದೇ ಕೈ ತೆಗೆದೆ ಎನ್ನಬಹುದು, ಊರೆಲ್ಲ ಅದನ್ನೇ ಹೇಳುತ್ತಿದೆ. ಅವನು ಕಾಯುತ್ತಿದ್ದ, ಅವಳು ಹಾಗೆ ಹೇಳಲೆಂದೇ ಕಾಯುತ್ತಿದ್ದ. ಹೇಳಿದರೆ ನಂಬಿಬಿಡುತ್ತಿದ್ದ. ಅವಳು ಆ ಕ್ಷಣಕ್ಕೆ ಹಿಂದಿರುಗಿ ನೋಡಿದಳು. ಶಿವನೇ ಎಂದದ್ದು ನೆನಪಿತ್ತು. ಗಾಳಿಯಲ್ಲಿ ನಿಂತಿದ್ದ ಕೈ ನೆನಪಿತ್ತು. ಲಿಂಗ ಮುಟ್ಟಲು ಹೊರಟಿತ್ತೋ, ಹಾರನ್ನಿಗೆ ಹೊರಟಿತ್ತೋ, ಸೋತು ಬಿದ್ದಿತ್ತೋ, ಇಲ್ಲಾ ಬರಿದೇ ಬಿಟ್ಟಿತ್ತೋ. ಅದು ಹಿಡಿಯನ್ನು ಬಿಟ್ಟ ಗಳಿಗೆ ಮಾತ್ರ ಎಷ್ಟು ಹುಡುಕಿದರೂ ಅಲ್ಲಿರಲಿಲ್ಲ. ಅಲ್ಲೊಂದು ತೂತಿತ್ತು.

"ಗೊತ್ತಿಲ್ಲ ಕಣ್ರೀ," ಎಂದಳು.

ಅವನು ಗೋಡೆಯಿಂದ ಕಣ್ಣು ತೆಗೆದು ಅವಳ ಮುಖ ನೋಡಿದ. ಮುಖದಿಂದ ಕೈಗಳಿಗೆ ಇಳಿದ. ಜಗಲಿಯಲ್ಲಿ ಅತ್ತೆಯ ದನಿ ಏರಿ ಮತ್ತೆ ಇಳಿಯಿತು. ಅವನು ಎದ್ದು ಹೋಗುತ್ತಾನೆ, ಇಲ್ಲಾ ಕೂಗಿ ಅವ್ವನನ್ನು ಕರೆಯುತ್ತಾನೆ ಎಂದು ಅವಳು ಕಾದಳು.

"ಹಚ್ಚು," ಎಂದ. ನೀಲಿಗಟ್ಟಿದ ತೋಳನ್ನು ಮೆಲ್ಲಗೆ ಅವಳ ಕಡೆ ಚಾಚಿದ.

ಅವಳು ಹಳೆಯ ಬಟ್ಟೆಯನ್ನು ಬಿಚ್ಚಿದಳು, ತಣ್ಣನೆಯ ಸೊಪ್ಪನ್ನು ಬೆರಳಿನಿಂದ ತೆಗೆದು ಸವರತೊಡಗಿದಳು. ನೋವಾಗುತ್ತಿದ್ದಿರಬೇಕು, ಅವನ ಹಣೆಯ ಮೇಲೆ ಬೆವರು ಮೂಡಿತು. ಆದರೂ ಅವಳು ಹಚ್ಚಿ, ಸುತ್ತಿ, ಗಂಟು ಹಾಕಿ ಮುಗಿಸುವವರೆಗೆ ಅವನು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.